ಎದ್ದು ಹೋಗುವ ಅಣ್ಣಂದಿರು

ಎದ್ದರೆ ಊರು ಏನನ್ನುತ್ತದೆ? ಏಳದೆ ಕೂತರೆ ತಾನು ತನಗೇ ಏನು ಹೇಳಿಕೊಳ್ಳುವುದು? ಎಲಿಸಾರ ಕಪ್ಪು ಲಾವಲಾವಾ ಪಂಚೆಯನ್ನು ಸೊಂಟಕ್ಕೆ ಸುತ್ತಿ ಅದರ ಮೇಲೆ ಬೆಲ್ಟು ಬಿಗಿಯಲು ಹೆಣಗುತ್ತಿದ್ದ. ಬೆಲ್ಟಿನ ತುದಿ ಬಕಲಿಗೆ ಸಿಗದೆ ಜಾರಿ ಜಾರಿ ಹೋಗುತ್ತಿತ್ತು.

"ಇಲ್ಲಿ ಕೊಡಿ," ಎಂದಳು ಹೆಂಡತಿ ಸಿನೀವಾ. "ಇಡೀ ಸೀಮೆಗೆ ಭಾಷಣ ಮಾಡೋರಿಗೆ ಒಂದು ಬೆಲ್ಟು ಹಾಕ್ಕೊಳ್ಳೋಕೆ ಬರಲ್ಲ."

"ಭಾಷಣ ಮಾಡೋದು ಬಾಯಿ. ಕೈಯಲ್ಲ."

"ಆ ಬಾಯಾದ್ರೂ ಎಲ್ಲಿದೆ? ಬೆಳಿಗ್ಗೆಯಿಂದ ತೆಗೆದೇ ಇಲ್ಲ ನೀವು." ಅವಳು ಬೆಲ್ಟನ್ನು ಸರಿಮಾಡಿ, ಅಂಗೈಯನ್ನು ಒಂದು ಗಳಿಗೆ ಅವನ ಹೊಟ್ಟೆಯ ಮೇಲೆ ಇಟ್ಟಳು. "ಅತ್ತುಬಿಡಿ ಒಂದ್ಸಲ. ಯಾರೂ ಏನೂ ಅನ್ನಲ್ಲ."

ಅಳು ಅವನ ತೊಂದರೆಯಾಗಿರಲಿಲ್ಲ. ತಂಗಿ ಸುಲಮಿ ಹೋದಳೆಂದು ರಾಜಧಾನಿ ಆಪಿಯಾದ ಆಸ್ಪತ್ರೆಯಿಂದ ಫೋನು ಬಂದ ದಿನವೇ ಅವನು ಕೆಸುವಿನ ತೋಟದ ನಡುವೆ ನಿಂತು ಅತ್ತು ಮುಗಿಸಿದ್ದ. ತೊಂದರೆ ಈಗ ಅಂಗಳದಲ್ಲಿತ್ತು. ಟೀವಿ ಕೇಂದ್ರದ ವ್ಯಾನು ಬಂದು ನಿಂತಿತ್ತು. ಅದರೊಳಗಿಂದ ನಾಲ್ಕು ಜನ ಸೇರಿ ಕಂಬಳಿ ಸುತ್ತಿದ ಒಂದು ದೊಡ್ಡ ಟೀವಿಯನ್ನು, ಅದೂ ಒಂದು ಹೆಣವೇ ಎಂಬಂತೆ, ನಿಧಾನವಾಗಿ ಇಳಿಸುತ್ತಿದ್ದರು.

ಹಿಂದಿನ ದಿನ ವಿಲಿಯಾಮು ಅನುಮತಿ ಕೇಳಲು ಬಂದಿದ್ದ. ಕೇಂದ್ರದ ಹಳೆಯ ಕ್ಯಾಮೆರಾದವನು. ಸುಲಮಿಯ ಕೈಕೆಳಗೇ ತಲೆ ನರೆಸಿಕೊಂಡವನು. ಮನೆತನದ ಯಜಮಾನನ ಎದುರು ಕೂರುವ ರೀತಿಯಲ್ಲಿ ತಗ್ಗಿ ಕೂತು ಹೇಳಿದ್ದ: "ಯಜಮಾನ್ರೇ, ಪಾದ್ರಿಗಳ ಪ್ರಾರ್ಥನೆ ಆದ್ಮೇಲೆ, ಮೇಡಂ ಅವ್ರನ್ನ ಹೊರಗೆ ತರೋಕೆ ಮುಂಚೆ, ಒಂದು ಚಿಕ್ಕ ಚಿತ್ರ ತೋರಿಸ್ತೀವಿ. ಅವ್ರ ಜೀವನದ್ದು. ಮಗಳು ತಲೀತಾನೇ ಕೂತು ಮಾಡಿದಾಳೆ. ರೇಡಿಯೋ ಕಾಲದ್ದು, ವಾರ್ತೆ ಓದ್ತಿದ್ದದ್ದು, ಎಲ್ಲಾ ಇದೆ. ಮದುವೇದೂ ಸಿಕ್ತು."

ಎಲಿಸಾರ ಆಗಲಿ ಎಂದು ತಲೆಯಾಡಿಸಿದ್ದ. ಮದುವೆ ಎಂಬ ಮಾತು ಕಿವಿಯಿಂದ ತಲೆಗೆ ಇಳಿಯುವಷ್ಟರಲ್ಲಿ ವಿಲಿಯಾಮು ಎದ್ದು ಹೋಗಿಯಾಗಿತ್ತು.

ಆ ಮದುವೆಯ ದಿನ ಇಗರ್ಜಿಯ ಮೆಟ್ಟಿಲ ಮೇಲೆ ಏನು ನಡೆಯಿತೆಂದು ಎಲಿಸಾರನಿಗೆ ಗೊತ್ತಿತ್ತು. ಗೊತ್ತಿತ್ತು, ನೋಡಿರಲಿಲ್ಲ. ಅವನು ಬೆನ್ನು ತಿರುಗಿಸಿ ನಿಂತಿದ್ದ. ಅಣ್ಣ ತಂಗಿಯರು ಅಂಥದ್ದನ್ನು ಒಂದೇ ಕಡೆ ಕೂತು ನೋಡುವುದಿಲ್ಲ. ಟೀವಿಯಲ್ಲಿ ಒಬ್ಬ ಗಂಡು ಒಬ್ಬ ಹೆಣ್ಣಿನ ಕಡೆಗೆ ಮುಖ ಬಾಗಿಸಿದರೆ ಸಾಕು, ಈ ದ್ವೀಪದ ಯಾವ ಮನೆಯಲ್ಲೇ ಆಗಲಿ, ಅಣ್ಣ ತಮ್ಮಂದಿರು ಕೆಮ್ಮಿ, ಹಂದಿಗೆ ಮೇವು ಹಾಕುವ ನೆನಪು ಬಂದವರಂತೆ ಎದ್ದು ಹೊರಟುಬಿಡುತ್ತಾರೆ. ಯಾಕೆ ಎಂದು ಯಾರೂ ಕೇಳುವುದಿಲ್ಲ. ಎಲಿಸಾರ ಬದುಕಿಡೀ ಹಾಗೇ ಎದ್ದವನು.

ಆದರೆ ಇವತ್ತು ಅವನ ಜಾಗ ಶವಪೆಟ್ಟಿಗೆಯ ತಲೆದೆಸೆಯಲ್ಲಿ. ಸೀಮೆಯ ಯಜಮಾನರೆಲ್ಲ ಕಂಬ ಕಂಬಕ್ಕೆ ಒರಗಿ ಕೂತಿರುತ್ತಾರೆ. ಒಡಹುಟ್ಟಿದ ಅಣ್ಣ ನಡುವೆ ಎದ್ದು ಹೋದನೆಂದರೆ ಸತ್ತವಳ ಮೇಲೆ ಅವನಿಗೆ ತೀರದ ಮುನಿಸಿದೆ ಎಂದೇ ಅರ್ಥ. ಅದನ್ನು ಅವರು ಮರೆಯುವವರಲ್ಲ, ಮೊಮ್ಮಕ್ಕಳ ಕಾಲಕ್ಕೂ ಮಾತಿನ ನಡುವೆ ಎತ್ತಿ ಆಡುವವರು.

ಆ ತುಣುಕನ್ನು ತೆಗೆದುಬಿಡಿ ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆ ಹೇಳಬೇಕಾದರೆ ಆ ವಿಷಯವನ್ನು ನಾಲಗೆಯ ಮೇಲೆ ತರಬೇಕಿತ್ತು. ತಂಗಿಯ ವಿಷಯವನ್ನು, ತಂಗಿಯ ಮಗಳ ಎದುರು. ಊರಿಗೆಲ್ಲ ಮಾತು ಹೇಳಿಕೊಡುವ ಎಲಿಸಾರನಿಗೆ ಆ ಒಂದು ಮಾತು ಕಟ್ಟಲು ಬರಲಿಲ್ಲ.

*

ಊರಲ್ಲಿ ಮೊದಲು ಟೀವಿ ಬಂದದ್ದು ಪಾದ್ರಿಗಳ ಮನೆಗೆ. ಆಗ ಇಲ್ಲಿ ಕೇಂದ್ರವೇ ಇರಲಿಲ್ಲ. ನೆರೆಯ ದ್ವೀಪದ ಪಾಗೊ ಪಾಗೊದಿಂದ ಕಡಲು ದಾಟಿ ಬರುತ್ತಿದ್ದ ಚಿತ್ರ ಗಾಳಿ ಬೀಸಿದರೆ ತಾನೂ ಅಲುಗುತ್ತಿತ್ತು. ಊರಿಗೆ ಊರೇ ಚಾಪೆಯ ಮೇಲೆ ಒತ್ತಿಕೊಂಡು ಕೂರುತ್ತಿತ್ತು. ಅವತ್ತು ಒಂದು ಕುದುರೆಯ ಕತೆ. ಕುದುರೆ ಕಂದಕಕ್ಕೆ ಬಿದ್ದು ಒದ್ದಾಡುತ್ತಿತ್ತು. ಸವಾರ ಹಗ್ಗ ತರಲು ಓಡಿದ. ಓಡಿದವನು ದಾರಿಯಲ್ಲಿ ಒಬ್ಬಳನ್ನು ಕಂಡು ನಿಂತ.

ಮೊದಲು ಎದ್ದವನು ಕೊನೆಯ ಸಾಲಿನ ಒಬ್ಬ ಮೀನುಗಾರ. ಆಮೇಲೆ ಒಬ್ಬೊಬ್ಬರೇ. ಎಲಿಸಾರನೂ ಎದ್ದ. ದೀವಿಹಲಸಿನ ಮರದ ಕೆಳಗೆ ಊರಿನ ಅಣ್ಣಂದಿರೆಲ್ಲ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಒಳಗೆ ಹೆಂಗಸರು ಹೋ ಎಂದು ಕೂಗಿದರು. ಮತ್ತೆ ಒಳಗೆ ಹೋಗುವುದು ಯಾವಾಗ ಎಂದು ಹೇಳುವವರು ಯಾರೂ ಇರಲಿಲ್ಲ. ಹೊರಗೆ ನಿಂತವರಿಗೆಲ್ಲ ಕುದುರೆಯದೇ ಚಿಂತೆ.

ಮರುದಿನ ಬೆಳಿಗ್ಗೆ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ಎಲಿಸಾರ ಒಲೆಯ ಕಲ್ಲುಗಳನ್ನು ಜೋಡಿಸುತ್ತಿದ್ದ. ಚಿಕ್ಕ ಸುಲಮಿ ಬಂದು, ಅವನ ಕಡೆ ನೋಡದೆ, ಅಮ್ಮನ ಪಕ್ಕ ಕುಕ್ಕರುಗಾಲಲ್ಲಿ ಕೂತು ಗಟ್ಟಿಯಾಗಿ ಹೇಳಿದಳು:

"ಅಮ್ಮಾ, ಆಮೇಲೆ ಕುದುರೆ ಬದುಕ್ಕೊಳ್ತು."

"ಯಾವ ಕುದುರೆಯೇ?"

"ಹಗ್ಗ ಹಾಕಿ ಎಳೆದ್ರು. ಕಾಲು ಸ್ವಲ್ಪ ಕುಂಟುತ್ತೆ. ಆದ್ರೂ ಬದುಕ್ಕೊಳ್ತು."

"ಇದಕ್ಕೆ ಜ್ವರ ಬಂದಿದೆಯಾ ನೋಡೋ," ಎಂದಳು ಅಮ್ಮ ಮಗನ ಕಡೆ ತಿರುಗಿ.

ಎಲಿಸಾರ ಕಲ್ಲು ಜೋಡಿಸುತ್ತಲೇ ಇದ್ದ. ಆ ದಿನದಿಂದ ಅವನು ಅರ್ಧಕ್ಕೆ ಬಿಟ್ಟು ಬಂದ ಎಲ್ಲ ಕತೆಗಳ ಕೊನೆಯೂ ಮರುದಿನ ಬೆಳಿಗ್ಗೆ ಅಮ್ಮನ ಕಿವಿಗೆ ಬೀಳುತ್ತಿತ್ತು.

*

ಗೋಡೆಯಿಲ್ಲದ ದೊಡ್ಡ ಮನೆಯಲ್ಲಿ ಜನ ತುಂಬಿದ್ದರು. ಬಿಸಿಲಿನ ಕಡೆಯ ತೆಂಗಿನಗರಿಯ ತಟ್ಟಿಗಳನ್ನು ಇಳಿಬಿಟ್ಟಿದ್ದರು. ಬಿಳಿ ಬಟ್ಟೆ ಹೊದಿಸಿದ ಪೆಟ್ಟಿಗೆಯಲ್ಲಿ ಸುಲಮಿ. ಪಾದ್ರಿಗಳು ಇನ್ನೂ ಬಂದಿರಲಿಲ್ಲ. ಎಲೆಯಲ್ಲಿ ಕೆಸುವಿನ ಗಡ್ಡೆ, ಡಬ್ಬಿ ಮಾಂಸ ಹಂಚುತ್ತಿದ್ದರು. ಬಟ್ಟಲುಗಳಲ್ಲಿ ಬಿಸಿ ಕೋಕೋ.

ವಿಲಿಯಾಮುವಿನ ಸುತ್ತ ಹೆಂಗಸರು ಸೇರಿದ್ದರು. ನಡುವೆ ಫಿಯಸಿಲಿ ಅತ್ತೆ, ಎಲಿಸಾರನ ಅಪ್ಪನ ತಂಗಿ. ಸೀಮೆಗೆಲ್ಲ ಗೊತ್ತಿರುವ ಮುಖ. ಪ್ರತಿ ಶುಕ್ರವಾರ ಟೀವಿಯಲ್ಲಿ ಬಾಯಿ ಬಡಿದುಕೊಂಡು ಜಗಳವಾಡುವ ಇಬ್ಬರು ಮುದುಕಿಯರಲ್ಲಿ ಅವಳೂ ಒಬ್ಬಳು.

"ನಿನ್ನನ್ನ ಕೆಲಸಕ್ಕೆ ಯಾಕೋ ತಗೊಂಡ್ಲು ನಮ್ಮ ಸುಲಮಿ?" ಅತ್ತೆ ಕೇಳಿದಳು. "ಕ್ಯಾಮೆರಾ ಹಿಡಿದ್ರೆ ನನ್ನ ಮೂಗೊಂದೇ ಬರುತ್ತೆ."

"ನಿಮ್ಮ ಮೂಗು ದೊಡ್ಡದಿದ್ರೆ ನಾನೇನು ಮಾಡ್ಲಿ ಅಜ್ಜಿ," ಎಂದ ವಿಲಿಯಾಮು. "ನನಗೆ ಕೆಲಸ ಸಿಕ್ಕಿದ್ದು ನನ್ನ ಅಕ್ಕ ತಂಗಿಯರಿಂದ. ಮೇಡಂ ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಜನ ಹೆಣ್ಮಕ್ಕಳು ಮನೇಲಿ? ಏಳು ಜನ ಅಂದೆ. ನಾಳೆಯಿಂದ ಬಾ ಅಂದ್ರು."

ಹೆಂಗಸರು ಅಂಗೈಯಲ್ಲಿ ಬಾಯಿ ಮುಚ್ಚಿ ನಕ್ಕರು.

"ಹೊರದೇಶದಿಂದ ಯಾವ ಧಾರಾವಾಹಿ ಬಂದ್ರೂ ಮೊದಲು ನನ್ನ ಪಕ್ಕ ಕೂರಿಸ್ಕೊಂಡು ನೋಡೋರು. ಚಿತ್ರ ನೋಡ್ತಿರಲಿಲ್ಲ, ನನ್ನ ಮೊಣಕಾಲು ನೋಡ್ತಿದ್ರು. ಅದು ಅಲುಗಿತು ಅಂದ್ರೆ, ಇವನ ತಂಗಿ ಪಕ್ಕದಲ್ಲಿದ್ದಿದ್ರೆ ಎದ್ದು ಹೋಗ್ತಿದ್ದ ಅಂತ ಲೆಕ್ಕ. ಅಲ್ಲಿಗೆ ಕತ್ತರಿ. ಅಣ್ಣನ ಕತ್ತರಿ ಅಂತಿದ್ವಿ ನಾವು."

ಎಲಿಸಾರ ಪೆಟ್ಟಿಗೆಯ ತಲೆದೆಸೆಯಲ್ಲಿ ಕೂತು ಕೇಳುತ್ತಿದ್ದ. ಕತ್ತರಿಯ ಹೆಸರು ಅವನಿಗೆ ಹೊಸದು.

"ಒಂದ್ಸಲ ಒಬ್ಬ ಸಲಹೆಗಾರ ಬಂದ," ವಿಲಿಯಾಮು ಮುಂದುವರಿಸಿದ. "ಬೇಡ ಅನಿಸಿದೋರು ಆರಿಸ್ಕೊಳ್ಳಲಿ, ನೀವ್ಯಾಕೆ ಕತ್ತರಿಸ್ತೀರಿ, ಕಾಲ ಮುಂದೆ ಹೋಗಿದೆ ಅಂದ. ಆಡಳಿತ ಮಂಡಳಿಯೋರೂ ಅವನ ಕಡೆಗೇ. ಮೇಡಂ ಏನಂದ್ರು ಗೊತ್ತಾ? ನಮ್ಮಲ್ಲಿ ಯಾರೂ ಒಬ್ಬರೇ ಕೂತು ನೋಡಲ್ಲ ಸ್ವಾಮಿ. ಒಬ್ಬ ಎದ್ದು ಹೋದ್ರೆ ಚಾಪೆ ಮೇಲೆ ಒಂದು ಜಾಗ ಖಾಲಿ ಆಗುತ್ತೆ. ಆ ಜಾಗ ಖಾಲಿ ಆಗದಂಗೆ ನೋಡ್ಕೊಳ್ಳೋದೇ ನನ್ನ ಕೆಲಸ, ಅಂದ್ರು."

"ಸರಿ, ಕತ್ತರಿಸಿ ಕತ್ತರಿಸಿ ಏನುಳೀತು?"

"ಅದೇ ಮಂಡಳಿಯೋರೂ ಕೇಳಿದ್ದು. ಉಳಿದಿದ್ದು ಕಾಲು ಗಂಟೆ. ಮಿಕ್ಕಿದ್ದಕ್ಕೆ ನಾವೇ ಏನಾದ್ರೂ ಮಾಡೋಣ ಅಂತ ಹೊರಟರು. ಊರೂರಿನ ಹಾಡಿನ ಮೇಳ ಬಂತು, ಯಜಮಾನರ ವಾದ ಬಂತು. ಕೊನೆಗೆ ನೀವು ಬಂದ್ರಿ."

"ಹಾಗಾದ್ರೆ ಮುತ್ತಿನ ಜಾಗಕ್ಕೆ ನನ್ನ ಮೂಗು!" ಎಂದಳು ಫಿಯಸಿಲಿ ಅತ್ತೆ. ಈ ಸಲ ನಗು ಅಂಗೈಗೆ ಬಗ್ಗಲಿಲ್ಲ. ಕಂಬಕ್ಕೆ ಒರಗಿದ್ದ ಒಬ್ಬ ಯಜಮಾನ ಕೋಕೋದ ಬಟ್ಟಲಿನ ಹಿಂದೆ ಮುಖ ಮರೆಸಿಕೊಂಡ.

ಎಲಿಸಾರ ಮೆಲ್ಲಗೆ ಎದ್ದು ಹಿತ್ತಲಿನ ನೀರಿನ ತೊಟ್ಟಿಯ ಕಡೆಗೆ ನಡೆದ. ಪ್ರಾರ್ಥನೆಗೆ ಮುಂಚೆ ಏಳುವುದಕ್ಕೆ ಅಡ್ಡಿಯಿರಲಿಲ್ಲ. ವಿಲಿಯಾಮುವನ್ನು ಹಿಂದಕ್ಕೆ ಕರೆಸಿ ಹೇಳಿಬಿಡೋಣ ಎಂದುಕೊಂಡ. ಕತ್ತರಿಯ ಮಾತು ಅವನ ಬಾಯಲ್ಲೇ ಬಂದಿದೆ. ಅದೇ ಕತ್ತರಿ ಇವತ್ತು ಒಂದು ಸಲ ಸಾಕು, ಎಂದರೆ ಅರ್ಥವಾದೀತು. ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದಾಗ ತಟ್ಟಿಯ ಆಚೆ ಮಾತು ಕೇಳಿಸಿತು. ಸುಲಮಿಯ ಮಗಳು ತಲೀತಾ. ಅವಳ ಹಿಂದೆಯೇ ಎದ್ದು ಬಂದ ಫಿಯಸಿಲಿ ಅತ್ತೆ.

"ಅದೂ ಇದೆಯೇನೇ ಅದರಲ್ಲಿ? ಮೆಟ್ಟಿಲ ಮೇಲಿಂದು?"

"ಇದೆ ಅಜ್ಜಿ."

"ನಿನ್ನ ಮಾವ ತಲೆದೆಸೇಲಿ ಕೂತಿರ್ತಾನಲ್ಲೇ. ಅವನ ಗತಿ?"

ತಲೀತಾಳ ದನಿ ಸಣ್ಣಗೆ ಬಂತು. "ಅಪ್ಪ ಹೋದಾಗ ನನಗೆಷ್ಟು ವಯಸ್ಸು ಅಜ್ಜಿ? ಅವರಿಬ್ಬರೂ ಒಟ್ಟಿಗೆ ಓಡಾಡೋದು, ನಗೋದು, ಇದೊಂದರಲ್ಲೇ ಇರೋದು. ಫೋಟೋದಲ್ಲಿ ಅಪ್ಪ ಬರೀ ನಿಂತಿರ್ತಾನೆ. ಅಮ್ಮ ಊರಿನೋರದ್ದೆಲ್ಲಾ ಕತ್ತರಿಸಿದ್ಲು, ಸರಿ. ಅವಳದ್ದನ್ನೂ ನಾನೇ ಕತ್ತರಿಸ್ಬೇಕಾ?"

"ಕತ್ತರಿಸು ಅಂತ ನಾನೆಲ್ಲಿ ಅಂದೆ?"

"ರಾತ್ರಿಯೆಲ್ಲಾ ಕತ್ತರಿಸೋಕೆ ನೋಡ್ದೆ. ಕೈ ಬರಲಿಲ್ಲ. ಮಾವ ಎದ್ದು ಹೋದ್ರೆ ಜನ ಏನಂತಾರೆ ಅಂತಾನೂ ಗೊತ್ತು. ನನಗೇನೂ ತೋಚ್ತಿಲ್ಲ ಅಜ್ಜಿ."

ಎಲಿಸಾರ ತೊಟ್ಟಿಯ ಅಂಚನ್ನು ಹಿಡಿದು ನಿಂತ. ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ವಿಲಿಯಾಮುವನ್ನು ಅವನು ಕರೆಯಲಿಲ್ಲ. ಬಂದ ದಾರಿಯಲ್ಲೇ ಹೋಗಿ ತನ್ನ ಜಾಗದಲ್ಲಿ ಕೂತ.

*

ಸುಲಮಿ ರೇಡಿಯೋದಲ್ಲಿ ಸಾವಿನ ಸುದ್ದಿ ಓದುತ್ತಿದ್ದವಳು ಇಲ್ಲಿಗೆ ಟೀವಿ ಕೇಂದ್ರ ಬಂದ ವರ್ಷ ವಾರ್ತೆಗೆ ಕೂತಳು. ಸಂಜೆಯ ಪ್ರಾರ್ಥನೆ ಮುಗಿದು, ದೀಪ ಹಚ್ಚಿ, ಊಟಕ್ಕೆ ಕೂರುವ ಹೊತ್ತಿಗೆ ಅವಳ ಮುಖ ಬರುತ್ತಿತ್ತು. ಕಿವಿಯ ಹಿಂದೆ ಒಂದು ಕೆಂಪು ದಾಸವಾಳ.

ತಂಗಿ ದೊಡ್ಡವಳಾದ ಮೇಲೆ ಅವಳ ಮುಖವನ್ನು ಎಲಿಸಾರ ದಿಟ್ಟಿಸಿ ನೋಡಿರಲಿಲ್ಲ. ಮನೆಗೆ ಬಂದರೆ ಒಬ್ಬರು ಈ ಕಂಬದ ಬಳಿ, ಇನ್ನೊಬ್ಬರು ಆ ಕಂಬದ ಬಳಿ. ಮಾತು ಕೆಸುವಿಗೆ ಹತ್ತಿದ ಹುಳದ್ದು, ಇಗರ್ಜಿಯ ಚಾವಣಿಯದ್ದು. ಅವಳಿಗೆ ಒಳ್ಳೆಯ ಮೀನು ಮೊದಲು, ಒಳ್ಳೆಯ ಚಾಪೆ ಮೊದಲು. ಅವಳ ಮಾತಿಗೆ ಎದುರಿಲ್ಲ. ಅಷ್ಟು ಮರ್ಯಾದೆಯ ನಡುವೆ ಮುಖಕ್ಕೆ ಜಾಗವಿರಲಿಲ್ಲ. ಈಗ ಟೀವಿಯಲ್ಲಿ ಅವಳು ನೇರವಾಗಿ ಇವನನ್ನೇ ನೋಡುತ್ತಿದ್ದಳು. ಅವನೂ ನೋಡುತ್ತಿದ್ದ. ಹುಬ್ಬಿನ ಮೇಲೆ ಒಂದು ಗೀಟು ಇದೆ ಎಂದು ಗೊತ್ತಾದದ್ದು ಆಗಲೇ. ಅಂಕಿ ಸಂಖ್ಯೆ ಓದುವಾಗ ಅಮ್ಮನ ಹಾಗೆಯೇ ಕೆಳದುಟಿ ಕಚ್ಚುತ್ತಾಳೆ ಎಂಬುದೂ.

ಒಂದು ಸಂಜೆ ಆ ಜಾಗದಲ್ಲಿ ಬೇರೊಬ್ಬಳು ಕೂತಿದ್ದಳು.

"ಸುಲಮಿ ಎಲ್ಲಿ?" ಎಂದು ಅವನು ಸಿನೀವಾಳನ್ನು ಕೇಳಿದ. ಗದರಿಸಿದ ಹಾಗಿತ್ತು.

"ದೊಡ್ಡ ಹುದ್ದೆ ಕೊಟ್ಟಿದಾರಂತೆ. ಇನ್ಮೇಲೆ ಏನೇನು ತೋರಿಸ್ಬೇಕು ಅಂತ ಹೇಳೋದೇ ಅವಳ ಕೆಲಸ. ನಿಮ್ಮ ತಂಗಿ ಈಗ ತೆರೆ ಹಿಂದೆ."

ಊರಿನವರು ಹಾರೈಸಲು ಬಂದರು. ಅವನು ಎಲ್ಲರಿಗೂ ಕುಡಿಯಲು ಕಾವಾ ಕೊಟ್ಟು ಒಳ್ಳೆಯ ಮಾತಾಡಿದ. ಆಮೇಲೆ ಎಷ್ಟೋ ದಿನ ವಾರ್ತೆಯ ಹೊತ್ತಿಗೆ ಬಲೆ ಹೆಣೆಯುವ ನೆಪ ಮಾಡಿಕೊಂಡು ಕಡಲ ದಂಡೆಗೆ ಹೋಗುತ್ತಿದ್ದ.

*

ಪಾದ್ರಿಗಳ ಪ್ರಾರ್ಥನೆ ಮುಗಿಯಿತು. ತಲೀತಾ ಟೀವಿಯ ಪಕ್ಕ ಮಂಡಿಯೂರಿ ಕೂತು ಎಲ್ಲರಿಗೂ ಕೈಮುಗಿದಳು. ಚಿತ್ರ ಶುರುವಾಯಿತು.

ಶಾಲೆಯ ಸಮವಸ್ತ್ರದ ಸುಲಮಿ. ರೇಡಿಯೋದ ಮೈಕಿನ ಮುಂದೆ ಸುಲಮಿ. ದಾಸವಾಳದ ಸುಲಮಿ, ಎಲಿಸಾರ ಆ ಹುಬ್ಬಿನ ಗೀಟನ್ನು ಹುಡುಕಿದ, ಅಲ್ಲಿಯೇ ಇತ್ತು. ಚಂಡಮಾರುತದ ದಿನದ ಸುಲಮಿ: ಕರೆಂಟು ಹೋಗುತ್ತ ಬರುತ್ತ ಇರುವಾಗ, ವಾರ್ತೆ ಓದುವ ಹುಡುಗಿ ಮನೆಗೆ ಓಡಿಹೋಗಿದ್ದಾಗ, ಇವಳೇ ಬಂದು ಒದ್ದೆ ಕೂದಲಲ್ಲಿ ಕೂತು ಊರೂರಿನ ಹೆಸರು ಹಿಡಿದು ಮೇಲಕ್ಕೆ ಹೋಗಿ, ಮೇಲಕ್ಕೆ ಹೋಗಿ ಎನ್ನುತ್ತಿದ್ದಳು. ತಮ್ಮ ಊರಿನ ಹೆಸರು ಬಂದಾಗ ಕೂತವರೆಲ್ಲ ಗಂಟಲು ಸರಿಮಾಡಿಕೊಂಡರು. ಆಮೇಲೆ ಶುಕ್ರವಾರದ ಮುದುಕಿಯರು ಬಂದರು, ಮನೆ ನಕ್ಕಿತು.

ಆಮೇಲೆ ಇಗರ್ಜಿ. ಬಿಳಿಯ ಮೆಟ್ಟಿಲುಗಳು.

ಎಲಿಸಾರನ ಮೊಣಕಾಲು ತಾನಾಗಿ ಅಲುಗಿತು. ತೆರೆಯ ಮೇಲೆ ಔಕುಸೊ ಕಂಡ, ಸುಲಮಿಯ ಗಂಡ. ಬಿಗಿಯಾದ ಕೋಟು, ಗಾಬರಿಯ ನಗೆ. ಅವನ ಪಕ್ಕ ಸುಲಮಿ. ಇಬ್ಬರಿಗೂ ಕೊಡೆ ಹಿಡಿದು ನಿಂತ ಒಬ್ಬ ತರುಣ, ಕ್ಯಾಮೆರಾದ ಕಡೆಗೆ ಮುಖವಿದ್ದವನು, ಏನೋ ನೆನಪಾದಂತೆ ಗಿರ್ರನೆ ತಿರುಗಿದ. ತೆರೆಯ ತುಂಬ ತನ್ನದೇ ಬೆನ್ನು. ಕಂಬಗಳ ಬಳಿಯಿಂದ ಸಣ್ಣ ನಗೆ ಎದ್ದು, ತಟ್ಟನೆ ನಿಂತಿತು. ಯಜಮಾನರೆಲ್ಲ ಈಗ ತೆರೆಯನ್ನು ನೋಡುತ್ತಿರಲಿಲ್ಲ. ಇವನನ್ನು ನೋಡುತ್ತಿದ್ದರು.

ಅವನು ಒಂದು ಕೈಯನ್ನು ನೆಲಕ್ಕೆ ಊರಿದ.

"ಚಾಪೆ ಬಂತು! ನೋಡಿ, ನೋಡಿ, ಎಂಥಾ ಚೆಲುವು!"

ಫಿಯಸಿಲಿ ಅತ್ತೆಯ ಶುಕ್ರವಾರದ ಗಂಟಲು. ಹಿಂದಿನ ಸಾಲಿನ ಹೆಂಗಸರು ಅಭ್ಯಾಸಬಲದಿಂದ ದನಿಗೂಡಿಸಿದರು. ಸಾವಿನ ಮನೆಗೆ ಚಾಪೆ ತಂದವರು ಅದನ್ನು ಬಿಡಿಸಿ ಯಜಮಾನನ ಕಣ್ಣೆದುರು ಎತ್ತಿ ಹಿಡಿಯುತ್ತಾರೆ, ಉಳಿದವರು ಹೊಗಳುತ್ತಾರೆ. ಅದಕ್ಕೆ ಯಾರೂ ಅಡ್ಡಿ ಹೇಳುವಂತಿಲ್ಲ. ಅತ್ತೆ ಒಂದು ಮೂಲೆ ಹಿಡಿದಿದ್ದಳು, ತಲೀತಾ ಇನ್ನೊಂದು. ಇಬ್ಬರೂ ಪೆಟ್ಟಿಗೆಯನ್ನು ಬಳಸಿ ಓಡಿಬಂದು ಎಲಿಸಾರನ ಮುಂದೆ, ಅವನೊಬ್ಬನ ಮುಂದೆ, ಮನೆತನದ ಎಲ್ಲಕ್ಕಿಂತ ಹಳೆಯ ಚಾಪೆಯನ್ನು ಪರದೆಯಂತೆ ನಿಲ್ಲಿಸಿದರು. ಅಜ್ಜಿಯ ಅಜ್ಜಿ ನೇಯ್ದದ್ದು, ಬಟ್ಟೆಯಷ್ಟು ಮೆದು, ಅಂಚಿನ ಕೆಂಪು ಗರಿಗಳು ಅರ್ಧಕ್ಕರ್ಧ ಉದುರಿದ್ದವು.

"ಕೂತ್ಕೊಳ್ಳೋ ಎಲಿಸಾರ," ಅತ್ತೆ ಹಲ್ಲುಗಳ ನಡುವಿಂದ ಅಂದಳು. "ಯಜಮಾನನಂತೆ, ಚಾಪೆ ಬಂದಾಗ ಏಳ್ತಾನೆ! ನನ್ನ ತೋಳು ಬಿದ್ದುಹೋಗೋಕೆ ಮುಂಚೆ ನೆಟ್ಟಗೆ ಕೂತ್ಕೋ."

ಎಲಿಸಾರ ನೆಲಕ್ಕೆ ಊರಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಚಾಪೆಯ ಆಚೆ ಮನೆಗೆ ಮನೆಯೇ ಹೋ ಎಂದು ಕೂಗಿತು. ಚಪ್ಪಾಳೆ ಬಿತ್ತು. ಯಾರೋ ಮುದುಕ ನಗುತ್ತ ಕೆಮ್ಮಿದ. ಚಾಪೆಯ ಮೇಲಂಚಿನಲ್ಲಿ ತಲೀತಾಳ ಮುಖ ಕಾಣುತ್ತಿತ್ತು. ಅವಳು ಕತ್ತು ತಿರುಗಿಸಿ ತೆರೆಯನ್ನೇ ನೋಡುತ್ತಿದ್ದಳು. ತೆರೆಯ ಬೆಳಕು ಅವಳ ಕೆನ್ನೆಯ ಮೇಲೆ ಓಡಾಡುತ್ತಿತ್ತು. ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು, ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಎಷ್ಟೋ ಸಾವು, ಎಷ್ಟೋ ಮದುವೆಗಳಲ್ಲಿ ಮಡಿಸಿ ಬಿಡಿಸಿ ಚಾಪೆಯ ಮಡಿಕೆ ಒಂದು ಕಡೆ ಸವೆದಿತ್ತು. ಎಲಿಸಾರನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಎರಡು ಎಳೆಗಳ ನಡುವೆ ಉಗುರಿನಗಲದ ಸಂದು. ಅದರೊಳಗಿಂದ ಮೆಟ್ಟಿಲುಗಳು ಕಂಡವು. ಔಕುಸೊ ಏನು ಮಾಡುವುದೆಂದು ತಿಳಿಯದೆ ನಿಂತಿದ್ದ. ಸುಲಮಿ ಕೆಳದುಟಿ ಕಚ್ಚಿ, ಸುತ್ತ ಒಮ್ಮೆ ನೋಡಿ, ಗಂಡನ ಟೈ ಹಿಡಿದು ತನ್ನ ಕಡೆಗೆ ಎಳೆದುಕೊಂಡಳು. ಅಷ್ಟು ಸಂತೋಷದ ಮುಖವನ್ನು ಎಲಿಸಾರ ಅವಳಲ್ಲಿ ಎಂದೂ ಕಂಡಿರಲಿಲ್ಲ.

ಆಮೇಲೆ ಅತ್ತೆಯ ತೋಳು ಸೋತು ಚಾಪೆ ಇಳಿಯಿತು. ತೆರೆಯ ಮೇಲೆ ಮದುವೆಯ ಊಟ ನಡೆಯುತ್ತಿತ್ತು. ಯಜಮಾನರು ಇವನನ್ನು ನೋಡುವುದನ್ನು ಬಿಟ್ಟಿದ್ದರು. ಎಲಿಸಾರ ಪೆಟ್ಟಿಗೆಯ ಮೇಲೆ ಒಂದು ಕೈಯಿಟ್ಟು ಚಿತ್ರವನ್ನು ಕೊನೆಯವರೆಗೂ ನೋಡಿದ.

ಮನೆಯ ಮುಂದೆ ತೋಡಿದ ಗುಂಡಿಯ ಬಳಿ ಅವನು ಭಾಷಣಕಾರರ ಕೋಲು ಹಿಡಿದು ನಿಂತು ಮಾತಾಡಿದ. ಮನೆತನ ಹೇಳಿದ, ದ್ವೀಪ ಹೇಳಿದ, ತಂಗಿ ಊರಿಗೂ ನಾಡಿಗೂ ಮಾಡಿದ್ದನ್ನು ಒಂದೂ ಬಿಡದೆ ಹೇಳಿದ. ಹಳೆಯ ಚಾಪೆಯನ್ನು ತಂದ ಕೈಗಳನ್ನು ಹೆಸರು ಹಿಡಿದು ಹೊಗಳಿದ. ಇಷ್ಟು ಒಳ್ಳೆಯ ಮಾತನ್ನು ಈಚೆಗೆ ಕೇಳಿರಲಿಲ್ಲ ಎಂದು ಸೀಮೆಯವರು ಒಪ್ಪಿಕೊಂಡರು. ಆ ಚಾಪೆಯಲ್ಲಿ ಒಂದು ಸಂದಿತ್ತು, ತಾನು ಕಣ್ಣು ಮುಚ್ಚಿಕೊಳ್ಳಲಿಲ್ಲ ಎಂಬುದನ್ನು ಮಾತ್ರ ಎಲಿಸಾರ ಅಂದೂ ಹೇಳಲಿಲ್ಲ, ಮುಂದೆ ಎಂದೂ ಯಾರಿಗೂ ಹೇಳಲಿಲ್ಲ.